ಸುಣ್ಣ ಹಚ್ಚದ ವರ್ಷ

ಅದು ಎರಡು ಸಾವಿರದ ಹದಿನೆಂಟರ ಸೆಪ್ಟೆಂಬರ್ ಹತ್ತು, ಸೋಮವಾರ, ಬೆಳಿಗ್ಗೆ ಎಂಟೂ ನಲವತ್ತು. ಮೊದಲ ಮಳೆಗೆ ಇನ್ನೂ ಮೂರು ವಾರವಾದರೂ ಇತ್ತು. ಅರಬ್ ನಾಡೊಂದರ ಜೆರ್ಬಾ ದ್ವೀಪದ ಬೀರ್ ಝಿತೂನ್ ಊರಿನಲ್ಲಿ ಅದು ಸುಣ್ಣದ ಕಾಲ. ಹೆಂಗಸರು ತಲೆಗೆ ಬಟ್ಟೆ ಬಿಗಿದುಕೊಂಡು, ಬಕೆಟ್ಟು ಕುಂಚ ಹಿಡಿದು ಮಾಳಿಗೆ ಹತ್ತಿದ್ದರು. ಮಾಳಿಗೆಯ ಮೇಲೆ, ಅಂಗಳದ ಮೇಲೆ ಬಿದ್ದ ಮಳೆಯೇ ನೆಲದಡಿಯ ತೊಟ್ಟಿಗೆ ಇಳಿದು ವರ್ಷವಿಡೀ ಕುಡಿಯುವ ನೀರಾಗುವ ಊರು ಅದು. ಅಲ್ಲಿ ಸುಣ್ಣ ಹಚ್ಚುವುದು ಚೆಂದಕ್ಕಲ್ಲ.

ಠಾಣೆಯ ಮೇಜಿನ ಹಿಂದೆ ಹೆಡ್ ಕಾನ್‌ಸ್ಟೇಬಲ್ ಶಾದ್ಲಿ ಕೂತಿದ್ದ. ವಯಸ್ಸು ಐವತ್ತೊಂಬತ್ತು, ನಿವೃತ್ತಿಗೆ ಮೂರು ತಿಂಗಳು. ಓದಿದ್ದು ನಾಲ್ಕನೇ ತರಗತಿ. ಆದರೆ ಊರಿನಲ್ಲಿ ಯಾರ ಕತ್ತೆ ಯಾವ ವರ್ಷ ಕಳೆದುಹೋಯಿತು ಎಂಬುದೂ ಅವನ ತಲೆಯಲ್ಲಿತ್ತು. ಹೊರಗಿಂದ ಕಟ್ಟಡದ ಗುತ್ತಿಗೆದಾರ ಹಮಾದಿ ಒಳಗೆ ಬಂದ. ಮೈಯೆಲ್ಲ ಧೂಳು.

"ಕಾಕಾ, ತೊಟ್ಟಿ ಒಳಗೆ ಮನುಷ್ಯ ಇದ್ದಾನೆ."

"ಬಿದ್ದನಾ? ಹಗ್ಗ ಬಿಡೋದು ಬಿಟ್ಟು ಇಲ್ಲಿಗ್ಯಾಕೆ ಬಂದೆ?"

"ಹಗ್ಗ ಹಿಡ್ಕೊಳ್ಳೋ ಸ್ಥಿತಿಯಲ್ಲಿಲ್ಲ. ಬರೀ ಮೂಳೆ."

ಶಾದ್ಲಿ ಪುಸ್ತಕ ತೆರೆದು, ಸಮಯ ಬರೆದು, ಕೇಳಿದ: "ಯಾರ ಮನೆ?"

"ಈ ವಸಂತದಲ್ಲಿ ಅವನ ಅಣ್ಣತಮ್ಮಂದಿರು ಮಾರಿದ್ರಲ್ಲ, ಮನ್ಸೂರನ ಮನೆ. ನಿಮ್ಮ ಅಕ್ಕ ಇದ್ದ ಮನೆ."

ಶಾದ್ಲಿಯ ಪೆನ್ನು 'ಮನ್ಸೂರ್' ಎಂಬಲ್ಲಿ ಒಂದು ಕ್ಷಣ ನಿಂತಿತು. ಆಮೇಲೆ ಮುಂದೆ ಸಾಗಿತು.

ಇನ್ಸ್‌ಪೆಕ್ಟರ್ ಲಝರ್ ರಾಜಧಾನಿಯಿಂದ ವರ್ಗವಾಗಿ ಬಂದು ಎಂಟು ತಿಂಗಳಾಗಿತ್ತು. ಚುರುಕು ಮನುಷ್ಯ. ಒಂಬತ್ತೂ ಐದಕ್ಕೆ ಜೀಪು ಹೊರಟಿತು. ಆ ಅಂಗಳದಲ್ಲಿ ಬಾವಿಯಷ್ಟು ಆಳದ ಎರಡು ತೊಟ್ಟಿಗಳಿದ್ದವು. ಒಂದು ಬಳಕೆಯಲ್ಲಿದ್ದದ್ದು. ಇನ್ನೊಂದು ಗೋಡೆಯ ಮಗ್ಗುಲಲ್ಲಿ, ತಳ ಬಿರುಕು ಬಿಟ್ಟು ಎಂದೋ ಕೈಬಿಟ್ಟದ್ದು. ಅದರ ಬಾಯಿಗೆ ಕಲ್ಲಿಟ್ಟು, ಗಾರೆ ಮೆತ್ತಿ, ಮೇಲೆ ವರ್ಷ ವರ್ಷವೂ ಸುಣ್ಣ ಬಳಿದು ಅಂಗಳದೊಂದಿಗೆ ಒಂದಾಗಿಸಿದ್ದರು. ಹಮಾದಿಯ ಆಳುಗಳು ಅದನ್ನು ಪಿಕಾಸಿಯಿಂದ ಒಡೆದಿದ್ದರು.

ಪಂಚನಾಮೆ ಹತ್ತು ಗಂಟೆಗೆ ಶುರುವಾಯಿತು. ಒಬ್ಬ ಗಂಡಸಿನ ಅಸ್ಥಿ, ವಯಸ್ಸು ಮೂವತ್ತೈದರಿಂದ ನಲವತ್ತೈದು ಎಂದು ವೈದ್ಯರ ಅಂದಾಜು. ತಲೆಬುರುಡೆಯ ಹಿಂಭಾಗ ಸೀಳಿತ್ತು. ಒಂದು ಬೆಲ್ಟಿನ ಕೊಂಡಿ, ಒಂದು ಚಪ್ಪಲಿ. ಕಾಗದ ಪತ್ರ ಏನೂ ಸಿಗಲಿಲ್ಲ. ತಳದಲ್ಲಿ ಮೊಣಕಾಲುದ್ದ ಹೂಳು ಹಾಗೇ ಉಳಿಯಿತು.

"ನಿಮ್ಮ ಭಾವ ಎಲ್ಲಿದ್ದಾರೆ, ಕಾಕಾ?" ಲಝರ್ ನೇರವಾಗಿ ಕೇಳಿದ.

"ಇಟಲಿಯಲ್ಲಿ, ಸಾಹೇಬ್ರೇ. ತೊಂಬತ್ತೈದರ ಅಕ್ಟೋಬರ್ ಮೂರಕ್ಕೆ ಹೋದ್ರು. ಅದಕ್ಕೆ ಮುಂಚೆ ಹೊರದೇಶದ ಲಿಯೋನ್ ಪಟ್ಟಣದಲ್ಲಿ ಕಿರಾಣಿ ಅಂಗಡಿ ಇತ್ತು. ಅದನ್ನ ಬಿಟ್ಟು ಜಿನೋವಾದಲ್ಲಿ ಇನ್ನೊಬ್ಬಳ ಜೊತೆ ಇರ್ತೀನಿ ಅಂತ ಆ ಬೇಸಿಗೆಯಿಡೀ ಊರಿಗೆಲ್ಲ ಸಾರಿಕೊಂಡು ತಿರುಗಿದ್ರು. ಹೋದ್ರು. ಯಾರೂ ಹುಡುಕಲಿಲ್ಲ."

"ನಿಮ್ಮ ಅಕ್ಕನ ಹೇಳಿಕೆ ಬೇಕಾಗತ್ತೆ."

"ತಗೊಳ್ಳಿ. ಈಗ ನನ್ನ ಮನೆಯಲ್ಲೇ ಇದ್ದಾಳೆ."

ಶಾದ್ಲಿಯ ಹೆಂಡತಿ ಜನವರಿಯಲ್ಲಿ ತೀರಿಕೊಂಡಿದ್ದಳು. ಮನೆ ಮಾರಾಟವಾದ ಮೇಲೆ ಅಕ್ಕ ಸಾಲ್ಹಾ ಅವನ ಒಲೆ ಹಚ್ಚಲು ಬಂದಿದ್ದಳು. ಅರವತ್ನಾಲ್ಕು ವರ್ಷ, ಮಂಡಿನೋವು, ಮಾತು ಕಡಿಮೆ. ಸಂಜೆ ಐದಕ್ಕೆ ಲಝರ್ ಅವಳ ಹೇಳಿಕೆ ಬರೆದುಕೊಂಡ.

"ಹಳೆ ತೊಟ್ಟಿ ಮುಚ್ಚಿದ್ದು ಯಾವಾಗ?"

"ಬಿರುಕು ಬಿಟ್ಟಿತ್ತು. ಮುಚ್ಚಿದ್ವಿ."

"ಯಾವ ವರ್ಷ?"

"ವರ್ಷ ಎಲ್ಲಿ ನೆನಪಿರತ್ತೆ ಮಗಾ. ಚಹಾ ತಣ್ಣಗಾಗ್ತಿದೆ, ಕುಡಿ."

ಊರಿನಲ್ಲಿ ಕೇಳಿದರೂ ಯಾರಿಗೂ ನೆನಪಿರಲಿಲ್ಲ. ಅಂಗಳದ ಗೋಡೆ ಎತ್ತರ, ಒಳಗಿನ ಸಂಗತಿ ಒಳಗೇ. ಮೂಳೆ ಯಾರದ್ದೆಂದು ರಾಜಧಾನಿಯ ಪ್ರಯೋಗಾಲಯ ಹೇಳಲು ಮೂರು ತಿಂಗಳು ಬೇಕು. ಮರುದಿನ ಮತ್ತೆ ಆ ಅಂಗಳಕ್ಕೆ ಹೋದಾಗ ಒಡೆದ ಗಾರೆಯ ಅಂಚು ಲಝರ್‌ನ ಕಣ್ಣಿಗೆ ಬಿತ್ತು. ಕತ್ತರಿಸಿದ ಈರುಳ್ಳಿಯ ಹಾಗೆ ಪದರ ಪದರ.

"ಕಾಕಾ, ಇಲ್ಲಿ ಪ್ರತಿ ವರ್ಷ ಸುಣ್ಣ ಹಚ್ತಾರಾ? ಒಂದು ವರ್ಷವೂ ತಪ್ಪಲ್ವಾ?"

"ಕುಡಿಯೋ ನೀರು ಸಾಹೇಬ್ರೇ. ಒಂದು ವರ್ಷವೂ ತಪ್ಪಲ್ಲ."

ಆ ಮಾತನ್ನು ಲಝರ್ ಪಂಚನಾಮೆಯಲ್ಲಿ ಬರೆಸಿದ. ಶಾದ್ಲಿ ಸಹಿ ಹಾಕಿದ.

ಸೆಪ್ಟೆಂಬರ್ ಹನ್ನೆರಡರಂದು ಅಂಗೈ ಅಗಲದ ಮೂರು ಗಾರೆಚೂರುಗಳನ್ನು ಮೊಹರು ಮಾಡಿ, ಹತ್ತಿಯಲ್ಲಿ ಸುತ್ತಿ, ಶಾದ್ಲಿ ಬಾಡಿಗೆ ವ್ಯಾನಿನಲ್ಲಿ ಸ್ಫಾಕ್ಸ್ ಪಟ್ಟಣಕ್ಕೆ ಒಯ್ದ. ಮೊಮ್ಮಗುವನ್ನು ಎತ್ತಿಕೊಂಡಂತೆ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡಿದ್ದ. ಅಲ್ಲಿನ ಪ್ರಯೋಗಾಲಯದಲ್ಲಿ ಕಟ್ಟಡದ ಕಲ್ಲು, ಕಾಂಕ್ರೀಟು, ಗಾರೆಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸುವ ಎಮ್ನಾ ಎಂಬ ಹೆಣ್ಣುಮಗಳಿದ್ದಳು. ಬಿರುಕು ಬಿಟ್ಟ ಸೇತುವೆ, ಉದುರಿದ ಬಾಲ್ಕನಿ, ಎಲ್ಲದರ ಚೂರೂ ಅವಳ ಮೇಜಿಗೇ ಬರುತ್ತಿತ್ತು.

"ಇದರಲ್ಲಿ ಏನು ಕಾಣತ್ತಮ್ಮಾ?" ಶಾದ್ಲಿ ಕೇಳಿದ.

"ಚೂರನ್ನ ಅಂಟಿನಲ್ಲಿ ಹುದುಗಿಸ್ತೀನಿ ಕಾಕಾ. ಕೊಯ್ದು, ಗಾಜಿಗೆ ಅಂಟಿಸಿ, ಬೆಳಕು ಹಾಯೋವಷ್ಟು ತೆಳ್ಳಗೆ ಉಜ್ಜುತೀನಿ, ಕೂದಲಿಗಿಂತ ತೆಳ್ಳಗೆ. ಆಮೇಲೆ ಕಲ್ಲು ತಾನಾಗೇ ಮಾತಾಡತ್ತೆ. ನಿಮ್ಮ ಕಳ್ಳರ ಹಾಗಲ್ಲ, ಒದೀಬೇಕಾಗಿಲ್ಲ."

ಅವಳು ಬೇರೆ ಯಾವುದೋ ಗೋಡೆಯ ಪಟ್ಟಿಯನ್ನು ಮಸೂರದಡಿ ಇಟ್ಟು ತೋರಿಸಿದಳು. ಶಾದ್ಲಿ ಒಂದು ಕಣ್ಣು ಮುಚ್ಚಿ ಬಗ್ಗಿದ. ಬಿಳಿ ಗೆರೆ, ಸಣ್ಣ ಕಪ್ಪು ಗೆರೆ, ಮತ್ತೆ ಬಿಳಿ. ಬಿಳಿಯದು ಸುಣ್ಣ. ನಡುವಿನ ಕಪ್ಪು ಆ ಒಂದು ವರ್ಷದ ಧೂಳು, ಹೊಗೆಮಸಿ, ಪಾಚಿ. ಮನೆಯವರು ಮರೆತ ವರ್ಷಗಳೆಲ್ಲ ಗೋಡೆಯಲ್ಲಿ ಸಾಲಾಗಿ ನಿಂತಿದ್ದವು.

ವರದಿ ಬಂದದ್ದು ಸೆಪ್ಟೆಂಬರ್ ಇಪ್ಪತ್ನಾಲ್ಕು, ಸೋಮವಾರ. ಗಾರೆಯ ಮೇಲೆ ಇಪ್ಪತ್ತೆರಡು ಪದರ ಸುಣ್ಣ; ಮೊದಲನೆಯದು ಗಾರೆ ಹಸಿಯಿದ್ದಾಗಲೇ ಬಿದ್ದದ್ದು, ನಡುವೆ ಕೊಳೆಯಿಲ್ಲ. ಕೊನೆಯದು ಕಳೆದ ವರ್ಷದ್ದು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಮೊದಲ ಪದರ ತೊಂಬತ್ತಾರರ ಸೆಪ್ಟೆಂಬರಿನದು. ಕೆಳಗೆ ಇನ್ನೆರಡು ಟಿಪ್ಪಣಿ. ಗಾರೆಯಲ್ಲಿ ಸರಿಯಾಗಿ ಕಲಸದ ಸುಣ್ಣದ ಗಂಟುಗಳೂ ಸುಟ್ಟ ಆಲಿವ್ ಬೀಜದ ಇದ್ದಿಲೂ ಇವೆ. ಮತ್ತೆ, ಮೊದಲ ಮತ್ತು ಎರಡನೇ ಪದರದ ನಡುವಿನ ಕೊಳೆ ಉಳಿದವುಗಳ ಎರಡರಷ್ಟು ದಪ್ಪವಿದೆ. ಅಲ್ಲಿ ಒಂದು ವರ್ಷ ತಪ್ಪಿರಬಹುದು, ವಿಚಾರಿಸುವುದು.

"ವಿಚಾರಿಸಿ ಆಗಿದೆ," ಎಂದ ಲಝರ್. "ತಪ್ಪಲ್ಲ ಅಂತ ನೀವೇ ಸಹಿ ಹಾಕಿದ್ದೀರಿ. ಅಲ್ಲಿಗೆ ನಿಮ್ಮ ಭಾವನೂ ಲೆಕ್ಕದಿಂದ ಹೊರಗೆ. ತೊಂಬತ್ತೈದರಲ್ಲಿ ಹೋದವರ ಹೆಣವನ್ನ ಒಂದು ವರ್ಷ ತೆರೆದ ತೊಟ್ಟಿಯಲ್ಲಿಟ್ಟುಕೊಂಡು ಯಾರೂ ಬದುಕೋಕೆ ಆಗಲ್ಲ. ವಾಸನೆಗೆ ಊರೇ ಬಂದಿರೋದು. ಈಗ ಹೇಳಿ. ತೊಂಬತ್ತಾರರ ಸೆಪ್ಟೆಂಬರಿನಲ್ಲಿ ಆ ಅಂಗಳದಲ್ಲಿ ಯಾರಿದ್ರು?"

ಶಾದ್ಲಿಯ ನೆನಪಿಗೆ ಹುಡುಕುವ ಅಗತ್ಯವೇ ಬೀಳಲಿಲ್ಲ. "ಮೇಸ್ತ್ರಿ ಸಾಸಿ. ಇನ್ನೊಂದು ತೊಟ್ಟಿಗೆ ಒಳಗಾರೆ ಹಾಕೋಕೆ ಬಂದಿದ್ದ. ಜೊತೆಗೆ ಫ್ರಜ್ ಅನ್ನೋ ಆಳು, ಹೊರಗಿನವನು. ಇಬ್ಬರಿಗೂ ಜಗಳ ಆಗಿತ್ತು. ಆಮೇಲೆ ಫ್ರಜ್‌ನ ಯಾರೂ ನೋಡಲಿಲ್ಲ."

ಹೇಳಿದ ಮೇಲೆ ಅವನಿಗೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಸಾಸಿ ಅವನ ಜೊತೆ ಮೀನು ಹಿಡಿದವನು.

ಸೆಪ್ಟೆಂಬರ್ ಇಪ್ಪತ್ತೈದು, ಮಂಗಳವಾರ, ಒಂಬತ್ತೂವರೆಗೆ ಮೇಸ್ತ್ರಿ ಸಾಸಿಯನ್ನು ಠಾಣೆಗೆ ತಂದರು. ಎಪ್ಪತ್ತರ ಮುದುಕ, ಬೆರಳುಗಳು ಬೇರಿನಂತೆ ಸೊಟ್ಟಗಾಗಿದ್ದವು. ನಲವತ್ತೆಂಟು ಗಂಟೆಯೊಳಗೆ, ಎಂದರೆ ಗುರುವಾರ ಒಂಬತ್ತೂವರೆಗೆ ಮುಂಚೆ, ಅವನನ್ನು ಮೆದೆನೀನ್ ಪಟ್ಟಣದ ಸರ್ಕಾರಿ ವಕೀಲರ ಮುಂದೆ ನಿಲ್ಲಿಸಬೇಕು. ನಿಲ್ಲಿಸಿದರೆ ಕೊಲೆ ಆಪಾದನೆ; ಆ ವಯಸ್ಸಿನವನು ಜೈಲಿನಿಂದ ನಡೆದು ಬರುವ ಮಾತಿಲ್ಲ.

"ಫ್ರಜ್ ಎಲ್ಲಿ?"

"ನನಗೇನು ಗೊತ್ತು? ಕೆಲಸಗಳ್ಳ. ಓಡಿಹೋದ."

"ಜಗಳ ಯಾಕೆ?"

"ಗಾರೆಗೆ ಜಾಸ್ತಿ ನೀರು ಹಾಕಿದ. ಬೈದೆ. ಹೊಡೀತೀನಿ ಅಂದೆ. ಹೊಡೀಲಿಲ್ಲ."

"ಹಳೆ ತೊಟ್ಟಿಯ ಬಾಯಿ ಮುಚ್ಚಿದ್ದು ನೀನು."

"ನಾನು ಹೋದಾಗಲೇ ಮುಚ್ಚಿತ್ತು ಸಾಹೇಬ್ರೇ."

"ಸುಳ್ಳು. ಪ್ರಯೋಗಾಲಯ ತೊಂಬತ್ತಾರು ಅಂತಿದೆ."

ಸಾಸಿ ಮೇಜಿನ ಮೇಲಿನ ಗಾರೆಚೂರು ಎತ್ತಿ, ಉಗುರಿನಿಂದ ಕೆರೆದು, ಮೂಸಿದ. ಅವನ ಮುಖ ಕೆಂಪಾಯಿತು.

"ಇದು ನನ್ನ ಗಾರೆ ಅಂತೀರಾ? ಗಂಟು ಗಂಟಾಗಿ ಕಲಸಿರೋದು, ಒಲೆ ಬೂದಿ ಹಾಕಿರೋದು? ಶಾದ್ಲಿ, ನೀನಾದ್ರೂ ಹೇಳಪ್ಪಾ! ನನ್ನ ಕೈಗಾರೆ ಆಗಿದ್ರೆ ಹಮಾದಿಯ ಸೋಂಬೇರಿಗಳ ಪಿಕಾಸಿ ಮುರೀತಿತ್ತು. ನೇಣಿಗೆ ಬೇಕಾದ್ರೆ ಹಾಕಿ. ಈ ಗಾರೆ ನನ್ನದು ಅಂತ ಮಾತ್ರ ಬರೀಬೇಡಿ."

"ತೊಂಬತ್ತೈದರಲ್ಲಿ ಎಲ್ಲಿದ್ದೆ?"

"ತ್ರಿಪೋಲಿಯಲ್ಲಿ, ಕೆಲಸಕ್ಕೆ. ತೊಂಬತ್ತಾರರ ವಸಂತಕ್ಕೆ ವಾಪಸು ಬಂದೆ. ಪಾಸ್‌ಪೋರ್ಟಿನಲ್ಲಿ ಗಡಿಯ ಮೊಹರಿದೆ. ಆದ್ರೆ ನಿಮಗೆ ಬೇಕಾಗಿರೋದು ತೊಂಬತ್ತಾರು ತಾನೇ?"

ಲಝರ್ ಬರೆದುಕೊಂಡ. ಬಾಗಿಲು ಹಾಕಿದರು.

ಆ ಸಂಜೆ ಶಾದ್ಲಿ ಮನೆಗೆ ಬಂದಾಗ ಸಾಲ್ಹಾ ಗೋಧಿರವೆಯ ಕುಸ್ಕುಸ್ ಬೇಯಿಸುತ್ತಿದ್ದಳು, ಒಣಗಿಸಿದ ಮೀನು ಹಾಕಿ. ಎರಡು ಬುತ್ತಿ ಕಟ್ಟಿದ್ದಳು.

"ಎರಡ್ಯಾಕಕ್ಕಾ?"

"ಒಂದು ಸಾಸಿಗೆ. ಠಾಣೆ ಊಟ ಅವನ ಹಲ್ಲಿಗೆ ಆಗಲ್ಲ."

"ಕೊಲೆ ಆರೋಪಿ ಅವನು."

"ಅವನು ಮಾಡಿಲ್ಲ."

"ನಿನಗೆ ಹೇಗೆ ಗೊತ್ತು?"

ಅವಳು ಬುತ್ತಿಯ ಗಂಟನ್ನು ಇನ್ನೊಮ್ಮೆ ಬಿಗಿದಳು. "ಇರುವೆ ತುಳಿಯದವನು, ಮಾಡ್ತಾನಾ?" ಎಂದು ಒಳಗೆ ಹೋದಳು.

ಶಾದ್ಲಿ ಅಂಗಳದಲ್ಲಿ ಕೂತು ವರದಿಯ ಜೊತೆ ಬಂದಿದ್ದ ದೊಡ್ಡ ಚಿತ್ರ ತೆಗೆದ. ಬೆರಳಿಟ್ಟು ಎಣಿಸಿದ. ಇಪ್ಪತ್ತೆರಡು. ತಳದ ಬಿಳಿಯ ಮೇಲೆ ಆ ದಪ್ಪ ಕಪ್ಪು ಗೆರೆ. ಬಾಗಿಲಾಚೆ ಯಾರೋ ಹೆಂಗಸರು ಸುಣ್ಣದ ಬಕೆಟ್ಟು ಹೊತ್ತು ಹೋಗುತ್ತಿದ್ದರು. ಒಬ್ಬಳು ಒಳಗಿಣುಕಿ, "ಪಾಪ, ಈ ಮನೆಗೆ ಈ ವರ್ಷ ಇಲ್ಲ ಅಲ್ವಾ," ಎಂದು ಮೆಲ್ಲಗೆ ಹೇಳಿ ಮುಂದೆ ನಡೆದಳು.

ಶಾದ್ಲಿ ತಲೆಯೆತ್ತಿ ತನ್ನ ಗೋಡೆ ನೋಡಿದ. ಊರೆಲ್ಲ ಹಾಲು ಚೆಲ್ಲಿದಂತೆ ಬೆಳ್ಳಗಿತ್ತು. ಅವನ ಗೋಡೆ ಮಾತ್ರ ಮಸುಕು, ಬುಡದಲ್ಲಿ ಹೋದ ಮಳೆಯ ಪಾಚಿ ಒಣಗಿ ಕಪ್ಪಾಗಿತ್ತು. ಹೆಂಡತಿ ಸತ್ತು ವರ್ಷ ತುಂಬಿರಲಿಲ್ಲ. ಸಾವಿನ ಮನೆಗೆ ವರ್ಷ ತುಂಬುವ ತನಕ ಸುಣ್ಣ ಮುಟ್ಟಿಸುವುದಿಲ್ಲ; ನೀರಿಗೆ ಧೂಳು ಬಂದರೂ ಸೋಸಿ ಕುಡಿಯುತ್ತಾರೆ. ಅದು ಉಸಿರಾಟದಷ್ಟು ಮಾಮೂಲಿ ಸಂಗತಿ. ಮಾಮೂಲಿಯಾದ್ದರಿಂದಲೇ ಪಂಚನಾಮೆಯ ದಿನ ಅವನ ಬಾಯಿಗೆ ಬಂದಿರಲಿಲ್ಲ. ಆ ಮನೆಯಲ್ಲಿ ತೊಂಬತ್ತಾರರಲ್ಲಿ ಯಾರೂ ಸತ್ತಿರಲಿಲ್ಲವಲ್ಲ!

ಯಾರೂ ಸತ್ತಿರಲಿಲ್ಲ.

ಆಗ ಅದು ನೆನಪಿಗೆ ಬಂತು. ಆ ವರ್ಷದ ಶರತ್ಕಾಲ. ಅಕ್ಕನ ಮನೆಗೆ ಹೋಗಿ ನೀರು ಕೇಳಿದ್ದ. ನೀರಿಗೆ ಮಣ್ಣಿನ ರುಚಿ. "ಸುಣ್ಣ ಹಚ್ಚಲಿಲ್ವಾ?" "ಬೆನ್ನು ನೋವು." "ಕುಂಚ ಕೊಡು, ನಾನು ಬಳೀತೀನಿ." ಅವಳು ಎಂದೂ ಕಿರುಚದವಳು, "ಕುಂಚ ಮುಟ್ಟಬೇಡ!" ಎಂದು ಕಿರುಚಿದ್ದಳು. ಕಣ್ಣಿಗೆ ಕಾಡಿಗೆ ಇರಲಿಲ್ಲ. ಗಂಡ ಬಿಟ್ಟುಹೋದ ನಾಚಿಕೆ ಎಂದುಕೊಂಡಿದ್ದ.

ಒಳಗೆ ಸಾಲ್ಹಾ ಪಾತ್ರೆ ತೊಳೆಯುವ ಸದ್ದು. ಅವನು ಇಪ್ಪತ್ಮೂರು ವರ್ಷ ಆ ಅಂಗಳದಲ್ಲಿ ಕೂತು, ಆ ಮುಚ್ಚಿದ ಬಾಯಿಯ ಮೇಲೆಯೇ ಚಹಾದ ತಟ್ಟೆ ಇಟ್ಟುಕೊಂಡು ಕುಡಿದಿದ್ದ.

ಒಂದು ಗಂಟೆ ಅಲ್ಲಾಡದೆ ಕೂತಿದ್ದು, ಆಮೇಲೆ ಲಝರ್‌ಗೆ ಫೋನ್ ಮಾಡಿದ.

"ಸಾಹೇಬ್ರೇ, ಪಂಚನಾಮೆಯಲ್ಲಿ ನಾನು ತಪ್ಪು ಹೇಳಿದೆ. ಸುಣ್ಣ ತಪ್ಪೋ ವರ್ಷ ಒಂದಿರತ್ತೆ. ಸಾವಿನ ವರ್ಷ."

"ಆ ಮನೆಯಲ್ಲಿ ಯಾರ ಸಾವು?"

"ಅದನ್ನ ಗೋಡೆ ಹೇಳಲಿ. ನಾಳೆ ಒಂದು ದಿನ ಕೊಡಿ."

"ಗುರುವಾರ ಏಳು ಗಂಟೆ ತನಕ. ಆಮೇಲೆ ನನ್ನ ಕೈಯಲ್ಲಿಲ್ಲ, ಕಾಕಾ."

ಬುಧವಾರ ಬೆಳಿಗ್ಗೆ ಆರಕ್ಕೆ ಇಬ್ಬರು ಪಂಚರನ್ನು ಕರೆದುಕೊಂಡು ಶಾದ್ಲಿ ಆ ಅಂಗಳಕ್ಕೆ ಹೋದ. ತೊಟ್ಟಿಯ ಬಾಯಿಂದ ದೂರದಲ್ಲಿ, ಹಳೆಯ ಗೋಡೆಯಿಂದ ಒಂದು ಚೂರು ಕಿತ್ತ. ಆಮೇಲೆ ಪಕ್ಕದ ಮನೆಯ ಯಮೀನಾಳ ಅಂಗಳಕ್ಕೆ ಹೋಗಿ ಅಲ್ಲಿಂದಲೂ ಒಂದು ಚೂರು ಕೇಳಿದ. ಅವಳ ಮನೆಯಲ್ಲಿ ನಲವತ್ತು ವರ್ಷದಿಂದ ಸಾವಾಗಿರಲಿಲ್ಲ.

"ಇಗೋ, ಈಗಷ್ಟೇ ಬಳಿದಿದ್ದೀನಿ, ಬಂದ್ಬಿಟ್ಟ ಉಳಿ ಹಿಡ್ಕೊಂಡು! ನಮ್ಮ ಗೋಡೆನೂ ಕೊಲೆ ಮಾಡಿದ್ಯಾ?"

"ನಿಮ್ಮ ಗೋಡೆ ಸಾಕ್ಷಿ, ಯಮೀನಕ್ಕ. ತೊಂಬತ್ತಾರರಲ್ಲಿ ನೀವು ಸುಣ್ಣ ಹಚ್ಚಿದ್ರಾ?"

"ಯಾವ ವರ್ಷ ಬಿಟ್ಟಿದ್ದೀನಿ? ನಿಮ್ಮಕ್ಕನಿಗೇ ಒಂದು ವರ್ಷ ಬೆನ್ನು ಹಿಡಿದಿತ್ತು. ನಾನು ಬಳಿದುಕೊಡ್ತೀನಿ ಅಂತ ಬಕೆಟ್ಟು ಹೊತ್ತು ಹೋದ್ರೆ ಬಾಗಿಲೇ ತೆಗೀಲಿಲ್ಲ, ಪುಣ್ಯಾತ್ಗಿತ್ತಿ."

ಪಂಚರು ಅದನ್ನೂ ಬರೆದರು. ಹನ್ನೆರಡು ಗಂಟೆಗೆ ಶಾದ್ಲಿ ಸ್ಫಾಕ್ಸ್ ತಲುಪಿದ. ಎಮ್ನಾ ಊಟಕ್ಕೆ ಎದ್ದಿದ್ದಳು. ಅವನ ಮುಖ ನೋಡಿ ಮತ್ತೆ ಕೂತಳು.

"ತೆಳು ಪಟ್ಟಿ ಮಾಡೋಕೆ ವಾರ ಬೇಕು ಕಾಕಾ. ಆದ್ರೆ ಎಣಿಸೋಕೆ ಅದು ಬೇಡ. ಬೇಗ ಗಟ್ಟಿಯಾಗೋ ಅಂಟು ಇದೆ. ಅಡ್ಡ ಕೊಯ್ದು, ಹೊಳಪು ಕೊಟ್ಟು, ಮೇಲಿನಿಂದ ಬೆಳಕು ಬಿಟ್ಟರೆ ಸಾಕು. ಮೂರು ಗಂಟೆ ಕೊಡಿ."

"ಒಂದು ಮಾತಮ್ಮಾ. ತೊಂಬತ್ತರ ವಸಂತದಲ್ಲಿ ನಮ್ಮೂರಲ್ಲಿ ಮರಳುಗಾಳಿ ಬೀಸಿತ್ತು. ಮೂರು ದಿನ ಆಕಾಶ ಕೆಂಪು. ಆ ಸಲ ಗೋಡೆಗಳೆಲ್ಲ ಇಟ್ಟಿಗೆ ಬಣ್ಣ ಆಗಿದ್ದವು. ತೊಳೆದರೂ ಹೋಗಲಿಲ್ಲ. ಅದರ ಮೇಲೇ ಹಚ್ಚಿದ್ರು."

ಎಮ್ನಾ ಕನ್ನಡಕ ಸರಿಮಾಡಿಕೊಂಡು ಅವನನ್ನೇ ನೋಡಿದಳು. "ಇದನ್ನ ಮೊದಲೇ ಯಾಕೆ ಹೇಳಲಿಲ್ಲ? ಅದೇ ನಮ್ಮ ಗುರುತು. ಅಲ್ಲಿಂದ ಮೇಲಕ್ಕೆ ಎಣಿಸೋಣ."

ಮೂರೂ ಇಪ್ಪತ್ತಕ್ಕೆ ಅವಳು ಕರೆದಳು. ಮೊದಲು ಯಮೀನಾಳ ಗೋಡೆ. ಕೆಂಪು ಗೆರೆ ಸ್ಪಷ್ಟವಾಗಿತ್ತು, ಕೆಮ್ಮಣ್ಣಿನ ಸಣ್ಣ ಸಣ್ಣ ದುಂಡು ಕಾಳುಗಳು. ಅದರ ಮೇಲೆ, ಈ ತಿಂಗಳ ಹಸಿ ಪದರ ಬಿಟ್ಟು, ಇಪ್ಪತ್ತೆಂಟು ಬಿಳಿ ಪದರ. ತೊಂಬತ್ತರಿಂದ ಹೋದ ವರ್ಷದ ತನಕ ಒಂದೂ ತಪ್ಪಿಲ್ಲ. ಅವಳು ಇನ್ನೊಂದು ಚೂರನ್ನು ಸರಿಸಿ ಇಟ್ಟಳು. ಅದೇ ಕೆಂಪು ಗೆರೆ. ಅವಳು ಎರಡು ಸಲ ಎಣಿಸಿದಳು. ಆಮೇಲೆ ಶಾದ್ಲಿಗೆ ಜಾಗ ಬಿಟ್ಟಳು.

"ಇಪ್ಪತ್ತೇಳು. ಕೆಂಪಿನ ಮೇಲೆ ಆರು ಪದರ, ತೊಂಬತ್ತೈದರ ತನಕ. ಆಮೇಲೆ ಆ ದಪ್ಪ ಕೊಳೆ. ಎರಡು ಮಳೆಗಾಲದ ಪಾಚಿ, ನೋಡಿ, ಒಂದರ ಮೇಲೊಂದು. ಆಮೇಲೆ ಮತ್ತೆ ಇಪ್ಪತ್ತೊಂದು. ತೊಟ್ಟಿಯ ಬಾಯಲ್ಲಿ ಕಂಡದ್ದೂ ಇದೇ ದಪ್ಪ ಗೆರೆ ಕಾಕಾ. ಆ ಬಾಯಿ ಮುಚ್ಚಿದ್ದು ತೊಂಬತ್ತೈದರಲ್ಲಿ. ತೊಂಬತ್ತಾರರಲ್ಲಿ ಆ ಇಡೀ ಅಂಗಳಕ್ಕೆ ಸುಣ್ಣ ಬಿದ್ದಿಲ್ಲ." ಅವಳ ಮುಖದಲ್ಲಿ ಗೆದ್ದ ಸಂತೋಷವಿತ್ತು. "ನಿಮ್ಮ ಮೇಸ್ತ್ರಿ ಬಚಾವ್ ಅಲ್ವಾ?"

"ಬಚಾವ್."

"ಮತ್ತೆ ಯಾಕೆ ಹೀಗೆ ಕೂತಿದ್ದೀರಿ?"

ಶಾದ್ಲಿ ಮಸೂರದಿಂದ ಕಣ್ಣು ತೆಗೆದಿರಲಿಲ್ಲ. ಆ ಕಪ್ಪು ಗೆರೆ ಅಲ್ಲಿ ಬೆರಳಿನಷ್ಟು ದಪ್ಪ ಕಾಣುತ್ತಿತ್ತು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಲಝರ್‌ಗೆ ಫೋನ್ ಮಾಡಿದ. ವರ್ಷ ಹೇಳಿದ. ಪದರ ಹೇಳಿದ. ಕೊನೆಗೆ, "ಭಾವ ಹೋದ ವರ್ಷ ಅದು. ಅವರು ಸತ್ತರು ಅಂತ ಊರಿನಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು ಸಾಹೇಬ್ರೇ. ಆ ಒಬ್ಬರೇ ಆ ಸಾವಿನ ವರ್ಷ ಪಾಲಿಸಿದ್ದಾರೆ. ನನ್ನ ಅಕ್ಕ," ಎಂದ.

"ಕಾಕಾ," ಎಂದ ಲಝರ್. "ಬೆಳಿಗ್ಗೆ ಏಳಕ್ಕೆ ನಾನೇ ಬರ್ತೀನಿ."

ಸಂಜೆ ಮನೆ ತಲುಪಿದಾಗ ಸಾಲ್ಹಾ ಬಾಗಿಲಲ್ಲೇ ಇದ್ದಳು.

"ಎಲ್ಲಿಗೆ ಹೋಗಿದ್ದೆ?"

"ಸ್ಫಾಕ್ಸ್‌ಗೆ."

ಅವಳು ಅವನ ತೋಳಿಗೆ ಮೆತ್ತಿದ್ದ ಸುಣ್ಣದ ಪುಡಿ ನೋಡಿದಳು. ಸೆರಗಿನಂತೆ ಹೊದ್ದ ಬಟ್ಟೆಯ ತುದಿಯಿಂದ ಅದನ್ನು ಒರೆಸಿದಳು. ಇಬ್ಬರೂ ಊಟ ಮಾಡಿದರು. ಅವಳು ಅವನ ತಟ್ಟೆಗೆ ಮೀನಿನ ಒಳ್ಳೆಯ ತುಂಡು ಹಾಕಿದಳು. ಅವನು ತಿಂದ.

ಗುರುವಾರ, ಸೆಪ್ಟೆಂಬರ್ ಇಪ್ಪತ್ತೇಳು, ಬೆಳಿಗ್ಗೆ ಏಳಕ್ಕೆ ಲಝರ್ ಒಬ್ಬ ಮಹಿಳಾ ಪೊಲೀಸಿನೊಂದಿಗೆ ಬಂದ. ಸಾಲ್ಹಾ ರೊಟ್ಟಿ ಸುಟ್ಟು ಮುಗಿಸಿ, ಒಲೆಯ ಬೂದಿ ಗೋರಿ, ಒಗೆದ ಬಟ್ಟೆ ಉಟ್ಟು ಕೂತಿದ್ದಳು. ಶಾದ್ಲಿ ಗೋಡೆಗೆ ಒರಗಿ ನಿಂತ.

"ಮೇಸ್ತ್ರಿಯನ್ನ ಕಳಿಸ್ತೀರಾ?" ಅವಳೇ ಮೊದಲು ಕೇಳಿದಳು.

"ನಿಮ್ಮ ಉತ್ತರದ ಮೇಲಿದೆ. ತೊಟ್ಟಿಯಲ್ಲಿರೋದು ಯಾರು?"

"ನನ್ನ ಯಜಮಾನರು."

"ಹೇಗೆ?"

"ನಜ್ಮಾಗೆ ಆಗ ಒಂಬತ್ತು ವರ್ಷ. ಒಬ್ಬಳೇ ಮಗಳು. ಅವಳಿಗೆ ಪಾಸ್‌ಪೋರ್ಟ್ ಮಾಡಿಸಿ ಇಟ್ಕೊಂಡಿದ್ರು, ನನಗೆ ಹೇಳಿರಲಿಲ್ಲ. ಆ ಬೆಳಿಗ್ಗೆ ಪೆಟ್ಟಿಗೆಯಲ್ಲಿ ಕೂಸಿನ ಅಂಗಿ ಕಂಡೆ. ಕೇಳಿದೆ. 'ಅಲ್ಲಿರೋಳಿಗೆ ಮಕ್ಕಳಾಗಲ್ಲ. ಅವಳಿಗೊಂದು ಮಗು ಬೇಕು. ಶಾಲೆಯಿಂದ ಬಂದ ತಕ್ಷಣ ಹೊರಡ್ತೀವಿ. ನಿನಗೆ ನೀರು ಸೇದೋಕೆ ಎರಡು ಕೈ ಇದ್ಯಲ್ಲ, ಸಾಕು' ಅಂದ್ರು. ನಾನು ಆ ಪಾಸ್‌ಪೋರ್ಟ್ ಕಿತ್ಕೊಂಡು ಹಳೆ ತೊಟ್ಟಿಗೆ ಎಸೆದೆ. ಅವರು ಬಾಯಿ ಹತ್ತಿರ ಬಗ್ಗಿ ನೋಡಿದ್ರು."

"ತಳ್ಳಿದಿರಾ?"

ಸಾಲ್ಹಾ ತನ್ನ ಎರಡು ಕೈಗಳನ್ನು ಮಗುಚಿ ನೋಡಿಕೊಂಡಳು. "ತಳ್ಳಿದೆ ಮಗಾ. ಜಾರಿಬಿದ್ರು ಅಂತ ಇಪ್ಪತ್ಮೂರು ವರ್ಷ ನನಗೆ ನಾನೇ ಹೇಳಿ ನೋಡಿದೆ. ಒಪ್ಪಿಗೆ ಆಗಲಿಲ್ಲ."

"ಆಮೇಲೆ?"

"ಮಧ್ಯಾಹ್ನದ ತನಕ ಬಾಯಿ ಹತ್ತಿರ ಕೂತೆ. ಹೆಸರು ಹಿಡಿದು ಕರೆದೆ. ಅದೇ ಮೊದಲ ಸಲ ನಾನು ಅವರ ಹೆಸರು ಹಿಡಿದದ್ದು. ಸದ್ದಿಲ್ಲ. ಕೂಸು ಶಾಲೆಯಿಂದ ಬರೋ ಹೊತ್ತಾಯ್ತು. ಕಲ್ಲಿಟ್ಟೆ. ಮಿಕ್ಕಿದ್ದ ಸುಣ್ಣಕ್ಕೆ ಒಲೆಬೂದಿ ಕಲಸಿ ಮೆತ್ತಿದೆ, ಮೇಲೆ ಒಂದು ಕೈ ಬಳಿದೆ. ಪೆಟ್ಟಿಗೆ ಸುಟ್ಟೆ. ಕೂಸಿಗೆ ಊಟ ಹಾಕಿದೆ."

ಲಝರ್ ಬರೆಯುವುದನ್ನು ನಿಲ್ಲಿಸಿದ. ಅವನ ಮುಂದಿನ ಪ್ರಶ್ನೆ ಕಡತಕ್ಕೆ ಬೇಕಾದ್ದಲ್ಲ.

"ಮುಂದಿನ ವರ್ಷ ಸುಣ್ಣ ಯಾಕೆ ಹಚ್ಚಲಿಲ್ಲ ತಾಯಿ? ಯಾರಿಗೂ ಗೊತ್ತಿರಲಿಲ್ಲವಲ್ಲ."

ಅವಳು ಬೆರಗಾಗಿ ಅವನನ್ನು ನೋಡಿದಳು, ದೊಡ್ಡವನಾದರೂ ಇಷ್ಟೂ ತಿಳಿಯದೇ ಎಂಬಂತೆ.

"ಗಂಡ ಸತ್ತ ಮನೆಗೆ ವರ್ಷ ತುಂಬೋ ಮೊದಲು ಸುಣ್ಣ ಹಚ್ತಾರಾ ಮಗಾ? ಕೊಂದವಳು ನಾನೇ. ವಿಧವೆನೂ ನಾನೇ ಅಲ್ವಾ?"

ಶಾದ್ಲಿ ಗೋಡೆಯತ್ತ ಮುಖ ತಿರುಗಿಸಿದ. ಅವನ ಅಂಗಿಯ ಬೆನ್ನಿಗೆ ಆ ವರ್ಷದ ಕೊಳೆ ಹತ್ತಿತ್ತು.

ಏಳೂ ಐವತ್ತಕ್ಕೆ ಬಂಧನದ ಪತ್ರಕ್ಕೆ ಅವಳ ಹೆಬ್ಬೆರಳು ಒತ್ತಿಸಿದರು. ಒಂಬತ್ತೂ ಹತ್ತಕ್ಕೆ ಸಾಸಿಯನ್ನು ಬಿಟ್ಟರು. ಅವನು ಖಾಲಿ ಬುತ್ತಿಯನ್ನು ತೊಳೆದು ಹಿಡಿದುಕೊಂಡು ಬಂದಿದ್ದ. "ಇದನ್ನ ಯಾರಿಗೆ ಕೊಡಲಿ?" ಎಂದು ಕೇಳಿದ. ಬುತ್ತಿಯನ್ನು ಶಾದ್ಲಿಯ ಮೇಜಿನ ಮೇಲಿಟ್ಟು, ಅವನ ಭುಜವನ್ನು ಆ ಸೊಟ್ಟ ಬೆರಳುಗಳಿಂದ ಒಮ್ಮೆ ಹಿಸುಕಿ ಹೊರಟುಹೋದ. ಫ್ರಜ್ ಎಲ್ಲಿದ್ದಾನೋ ಇವತ್ತಿಗೂ ಗೊತ್ತಿಲ್ಲ. ಊರು ಬಿಟ್ಟವರೆಲ್ಲ ಸತ್ತವರಲ್ಲ.

ಮಧ್ಯಾಹ್ನ ತೊಟ್ಟಿಯ ತಳದ ಹೂಳನ್ನು ಜರಡಿ ಹಿಡಿದರು. ಮೂರನೇ ಬುಟ್ಟಿಯಲ್ಲಿ ಪ್ಲಾಸ್ಟಿಕ್ ಹೊದಿಕೆಯ ಒಂದು ಚಿಕ್ಕ ಪುಸ್ತಕ ಸಿಕ್ಕಿತು. ಹಾಳೆಗಳು ಅಂಟಿಕೊಂಡಿದ್ದವು. ಫೋಟೋ ಮಾತ್ರ ಉಳಿದಿತ್ತು: ಎರಡು ಜಡೆ, ಮುಂದಿನ ಹಲ್ಲು ಬಿದ್ದ ನಗು. ಅದನ್ನು ಪಂಚನಾಮೆಗೆ ಸೇರಿಸಿದರು. ಗಾಬೆಸ್‌ನ ಆಸ್ಪತ್ರೆಯಲ್ಲಿ ಸೂಲಗಿತ್ತಿಯಾಗಿದ್ದ ನಜ್ಮಾಳಿಗೆ ಶಾದ್ಲಿಯೇ ಫೋನ್ ಮಾಡಿದ. "ಆ ದಿನ ಅಮ್ಮ ನನಗೆ ಎರಡು ಮೊಟ್ಟೆ ಹಾಕಿದ್ಲು ಮಾವಾ. ಹಬ್ಬ ಅಲ್ಲದ ದಿನ ಎರಡ್ಯಾಕೆ ಅಂತ ಕೇಳಿದ್ದೆ," ಎಂದಳು. ಅಷ್ಟೇ.

ಶಾದ್ಲಿ ಆ ಸಂಜೆ ತನ್ನ ಮೊದಲ ಪಂಚನಾಮೆಯ ಹೇಳಿಕೆಗೆ ತಿದ್ದುಪಡಿ ಬರೆದ. 'ಒಂದು ವರ್ಷವೂ ತಪ್ಪುವುದಿಲ್ಲ' ಎಂಬುದರ ಮುಂದೆ 'ಸಾವಿನ ವರ್ಷ ಬಿಟ್ಟು' ಎಂದು ಸೇರಿಸಿ ಸಹಿ ಹಾಕಿದ. ಅಕ್ಷರ ದೊಡ್ಡದಾಗಿ, ಮಕ್ಕಳ ಬರಹದಂತಿತ್ತು.

ಮರುದಿನ, ಮೆದೆನೀನ್‌ಗೆ ಹೋಗಲು ದೋಣಿ ಹತ್ತುವ ಅಜೀಮ್ ದಡದಲ್ಲಿ ಸಾಲ್ಹಾ ಇಬ್ಬರು ಪೊಲೀಸರ ನಡುವೆ ನಿಂತಿದ್ದಳು. ಗಾಬೆಸ್‌ನಿಂದ ಬಂದ ನಜ್ಮಾ ತಾಯಿಯ ಕೈ ಹಿಡಿದಿದ್ದಳು. ದೋಣಿ ಹತ್ತುವಾಗಲೂ ಬಿಡಲಿಲ್ಲ. ಶಾದ್ಲಿ ದಡದಲ್ಲೇ ಉಳಿದ. ಅರವತ್ನಾಲ್ಕು ವರ್ಷದಲ್ಲಿ ಒಮ್ಮೆಯೂ ಆ ನೀರು ದಾಟದಿದ್ದ ಸಾಲ್ಹಾ ಸೆಪ್ಟೆಂಬರ್ ಇಪ್ಪತ್ತೆಂಟು, ಶುಕ್ರವಾರ, ಎಂಟೂಕಾಲರ ದೋಣಿಯಲ್ಲಿ ದ್ವೀಪ ಬಿಟ್ಟು ಹೋದಳು.